ಬಡಗಿ ತಾತನ ತಟ್ಟೆ

ಮನೆಯಿಂದ,
ಭಾನುವಾರ, ತಾರೀಖು ಹದಿನಾಲ್ಕು, ಊಟವಾದ ಮೇಲೆ

ಪ್ರೀತಿಯ ಕೂಸೇ,

ಹೇಗಿದ್ದೀಯಾ? ಶೀತ ಕಡಿಮೆಯಾಯಿತೇ? ಹಾಸ್ಟೆಲಿನ ಒಡೆದ ಕಿಟಕಿಗೆ ಗಾಜು ಹಾಕಿಸಿದರೋ, ಇನ್ನೂ ರಟ್ಟೇ ಇದೆಯೋ? ಹೋದ ವಾರ ಮಾತಾಡಿದಾಗ ನಿನ್ನ ಗಂಟಲು ಕಟ್ಟಿತ್ತು. ಕೇಳಿದರೆ ಏನೂ ಇಲ್ಲ ಅಂದೆ. ನಿನ್ನ 'ಏನೂ ಇಲ್ಲ' ನನಗೆ ಗೊತ್ತಿಲ್ಲವೇ, ಅದನ್ನು ನನ್ನಿಂದಲೇ ಕಲಿತಿದ್ದೀಯ. ಬಿಸಿನೀರು ಕುಡಿ. ತಲೆ ಸರಿಯಾಗಿ ಒರೆಸಿಕೊಳ್ಳದೆ ಕಾಲೇಜಿಗೆ ಓಡಬೇಡ. ಪರೀಕ್ಷೆ ಹತ್ತಿರ ಬಂತೆಂದು ಊಟ ಬಿಡಬೇಡ. ಯಾರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಹೇಳಲು ಓದುತ್ತಿರುವವಳು ತಾನೇ ಹಸಿದುಕೊಂಡು ಕೂತರೆ ನೋಡಿದವರು ನಗುತ್ತಾರೆ.

ನಿಮ್ಮಪ್ಪ ಚೆನ್ನಾಗಿದ್ದಾರೆ, ಅಂದರೆ ಎಂದಿನಂತೆ ಮಾತು ಕೇಳದೆ ಇದ್ದಾರೆ. ನೀನು ರಜೆಗೆ ಬಂದಾಗ ಊಟದ ಹೊತ್ತಿನಲ್ಲಿ 'ಜನ ಮಾಂಸ ತಿನ್ನೋದು ಕಮ್ಮಿ ಮಾಡ್ಬೇಕಪ್ಪಾ' ಅಂತ ಪಾಠ ಮಾಡಿದೆಯಲ್ಲ, ಅದನ್ನು ಅವರು ತಮ್ಮದೇ ರೀತಿಯಲ್ಲಿ ಪಾಲಿಸುತ್ತಿದ್ದಾರೆ. ಬುಧವಾರ ಮಾಂಸ ಮುಟ್ಟುವುದಿಲ್ಲ. ಗುರುವಾರ ಬುಧವಾರದ್ದನ್ನೂ ಸೇರಿಸಿ ತಿನ್ನುತ್ತಾರೆ. ಡಿಪೋದ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, ಹೀಗೇ ತಿಂದರೆ ಇನ್ನೈದು ವರ್ಷದಲ್ಲಿ ಬಸ್ಸು ಓಡಿಸಲಾಗುವುದಿಲ್ಲ ಅಂತ ಅದರ ಮೇಲೇ ಬರೆದಿದ್ದಾರೆ. ಅದನ್ನೂ ನನಗೆ ಹೇಳಲಿಲ್ಲ. ಅಂಗಿ ಒಗೆಯುವಾಗ ಜೇಬಿನಲ್ಲಿ ಚೀಟಿ ಸಿಕ್ಕಿ ಗೊತ್ತಾಯಿತು. ಕೇಳಿದ್ದಕ್ಕೆ 'ನಿನ್ನ ಮಗಳೂ ಡಾಕ್ಟರೂ ಒಂದೇ ಪಾರ್ಟಿ' ಅಂದರು. ನನಗೆ ಜಗಳ ಆಡಲೂ ಶಕ್ತಿ ಇರಲಿಲ್ಲ, ಅಂಗಿ ಹಿಂಡಿ ಹಾಕಿದೆ.

ಈಗ ನನ್ನ ವಿಷಯ. ವೃದ್ಧಾಶ್ರಮದ ಅಡುಗೆಮನೆಯಲ್ಲಿ ನಾನೊಂದು ತಪ್ಪು ಮಾಡಿದ್ದೇನೆ, ಅದರಿಂದ ಬಡಗಿ ತಾತ ಕುರ್ಚಿಯಿಂದ ತಾವಾಗಿ ಏಳಲಾರದ ಹಾಗಾಗಿದ್ದಾರೆ. ಮೊದಲಿಂದ ಹೇಳುತ್ತೇನೆ, ಪೂರ್ತಿ ಓದಿದ ಮೇಲೆ ಬೈಯಿ.

ಅಲ್ಲಿ ಮೂವತ್ತೆಂಟು ಜನ ಇದ್ದಾರೆ, ಅವರಲ್ಲಿ ಹದಿನಾರು ಜನ ಮೆತ್ತನೆ ಊಟದವರು ಅನ್ನುವುದು ನಿನಗೆ ಗೊತ್ತು. ಹಲ್ಲಿಲ್ಲದವರು, ಹಲ್ಲಿನ ಸೆಟ್ಟು ಸಡಿಲವಾದವರು, ನುಂಗಲು ಕಷ್ಟಪಡುವವರು. ಅವರಿಗೆ ವಾರಕ್ಕೆ ನಾಲ್ಕು ದಿನ ಕೋಳಿ ಇಲ್ಲವೇ ಕುರಿ, ಖೀಮಾ ಮಾಡಿ, ಬೇಯಿಸಿ, ಮತ್ತೆ ಸೌಟಿನಲ್ಲಿ ಮಸೆದು ಕೊಡಬೇಕು. ಖೀಮಾ ಯಂತ್ರದ ಮೋಟಾರು ಸುಟ್ಟು ಹೋಗಿ ಆರು ತಿಂಗಳಾಯಿತು. ಮ್ಯಾನೇಜರ್ ಮೇಡಂ ಹತ್ತಿರ ಹೋದಾಗಲೆಲ್ಲ 'ನೋಡೋಣ' ಅನ್ನುತ್ತಾರೆ. ಅವರು ನೋಡುತ್ತಿದ್ದಾರೆ, ನಾನು ಎರಡು ಚಾಕು ಹಿಡಿದು ಕೊಚ್ಚುತ್ತಿದ್ದೇನೆ. ಬೆಳಿಗ್ಗೆ ಆರೂವರೆಗೆ ನಿಂತರೆ ಒಂಬತ್ತು ಗಂಟೆಯವರೆಗೂ ಅದೇ ಕೆಲಸ. ಬಲಗೈ ಮಣಿಕಟ್ಟು ಊದಿಕೊಂಡು ಬಳೆ ಏರುತ್ತಿಲ್ಲ. ಪಾತ್ರೆ ಎತ್ತುವಾಗ ಕೈ ಇದ್ದಕ್ಕಿದ್ದಂತೆ ಸೋತು ಬಿಡುತ್ತದೆ. ಒಂದು ದಿನ ಬಿಸಿ ಗಂಜಿಯ ಪಾತ್ರೆಯನ್ನೇ ಬಿಟ್ಟೆ, ದೇವರು ದೊಡ್ಡವನು, ಕಾಲಿನ ಮೇಲೆ ಬೀಳಲಿಲ್ಲ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ, ಮೇಡಂಗೂ ಹೇಳಿಲ್ಲ. ಕೈಲಾಗದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅಂಥ ಹೊತ್ತಿನಲ್ಲಿ ನೀನು ರಜೆಗೆ ಬಂದು ಮಾಂಸದ ಆ ಮಾತು ಹೇಳಿದೆ. ಆ ದಿನ ನಾನು ಮುಖ ಸಿಂಡರಿಸಿದ್ದು ನಿನಗೆ ನೆನಪಿರಬಹುದು. ಮರುದಿನ ಚಾಕು ಹಿಡಿದು ನಿಂತಾಗ ನಿನ್ನ ಮಾತು ತಲೆಯೊಳಗೆ ಬಂತು, ಎಷ್ಟು ಚೆನ್ನಾಗಿ ಬಂತು ಅಂದರೆ, ಬರೀ ನನಗೋಸ್ಕರವೇ ಹೇಳಿದ ಹಾಗೆ. ಜನ ಮಾಂಸ ತಿನ್ನುವುದು ಕಡಿಮೆ ಮಾಡಬೇಕು. ಓದಿದವಳೇ ಹೇಳಿದ್ದಾಳೆ. ಹಾಗಾದರೆ ನಾಲ್ಕು ದಿನದ್ದು ಎರಡು ದಿನ ಮಾಡಿದರೇನು? ಮಾಂಸದ ಅಂಗಡಿಗೆ ಎಷ್ಟು ಬೇಕು ಅಂತ ಬರೆದು ಕಳಿಸುವವಳು ನಾನೇ, ಕೇಳುವವರು ಯಾರೂ ಇಲ್ಲ. ಎರಡು ದಿನ ಮಾಡಿದೆ. ಮೂರು ವಾರ ಕಳೆದ ಮೇಲೆ ಒಂದೇ ದಿನ ಮಾಡಿದೆ. ನೀನು ಅದರ ಜೊತೆಗೇ 'ಕಾಳು, ಬೇಳೆ, ಮೊಟ್ಟೆ ಜಾಸ್ತಿ ಮಾಡ್ಬೇಕು, ಸುಮ್ನೆ ತೆಗೆಯೋದಲ್ಲ' ಅಂದಿದ್ದೆ. ಅದೂ ಕಿವಿಗೆ ಬಿದ್ದಿತ್ತು, ಇಲ್ಲ ಅನ್ನುವುದಿಲ್ಲ. ಒಂದು ವಾರ ಕಾಳು ಬೇಯಿಸಿ ಅರೆದು ಹಾಕಿಯೂ ನೋಡಿದೆ. ಹದಿನಾರೂ ಜನಕ್ಕೆ ಹೊಟ್ಟೆ ಉಬ್ಬರ. ನರ್ಸಮ್ಮ ಬಂದು, ಇದೇನು ಅಡುಗೆಯೋ ಬಾಂಬೋ, ವಾರ್ಡಿನಲ್ಲಿ ನಿಲ್ಲಲಿಕ್ಕಾಗುತ್ತಿಲ್ಲ ಅಂತ ನನ್ನ ಮೇಲೆ ಹಾರಾಡಿದಳು. ಮೊಟ್ಟೆ ಬೇಯಿಸಿ, ಸುಲಿದು, ಮಸೆಯಲು ಮತ್ತೆ ಅದೇ ಕೈ ಬೇಕು. ಕೊನೆಗೆ ಆಲೂಗಡ್ಡೆ, ಕ್ಯಾರೆಟ್ಟು, ಬೆಣ್ಣೆ, ಚಿಟಿಕೆ ಮೆಣಸು. ಒತ್ತಿದರೆ ಕರಗುತ್ತದೆ. ಏಳು ಗಂಟೆಗೆ ಹೋದರೂ ಸಾಕು.

ಯಾರಾದರೂ ಒಬ್ಬರು ಗೊಣಗಿದ್ದರೆ ನಿಲ್ಲಿಸುತ್ತಿದ್ದೆನೇನೋ. ಗೊಣಗಲಿಲ್ಲವಲ್ಲ ಕೂಸೇ. ಎಲ್ಲರೂ ತಟ್ಟೆ ಬಳಿದು ತಿಂದರು. ಕಿಟಕಿ ಪಕ್ಕದ ಮಂಚದ ಅಜ್ಜಿ ಇನ್ನೊಂದು ಚಮಚ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಬಡಗಿ ತಾತನಂತೂ ತಟ್ಟೆ ವಾಪಸು ಕೊಡುವಾಗ ಪ್ರತಿ ದಿನ 'ಹೀಗಿದ್ರೆ ಅಗಿಯೋ ರಗಳೆಯೇ ಇಲ್ಲ ತಾಯಿ, ಚೆನ್ನಾಗಿತ್ತು' ಅನ್ನುತ್ತಿದ್ದರು. ಆ ತಾತನನ್ನು ನೀನು ನೋಡಿದ್ದೀಯ. ಉದ್ದಕ್ಕೆ ಇದ್ದಾರೆ, ಕಿವಿಯ ಮೇಲೆ ಇನ್ನೂ ಪೆನ್ಸಿಲು ಸಿಕ್ಕಿಸಿಕೊಂಡಿರುತ್ತಾರೆ. ಅಡುಗೆಮನೆಯ ಡ್ರಾಯರುಗಳು ಬಿಗಿಯಾದರೆ ಅವರೇ ಬಂದು ಉಜ್ಜಿ ಸರಿಮಾಡಿ ಕೊಡುತ್ತಿದ್ದರು, ಮೇಡಂಗೆ ಹೇಳಿ ಕಾಯುವುದಕ್ಕಿಂತ ಅದೇ ಬೇಗ. ಮಾಡುವಷ್ಟು ಹೊತ್ತೂ ಈ ಮರ ಎಂಥದ್ದು, ಈ ಮೊಳೆ ಹೊಡೆದವನಿಗೆ ಬುದ್ಧಿ ಎಷ್ಟಿತ್ತು ಅಂತ ಒಬ್ಬರೇ ಮಾತಾಡುವರು. ನಾನು ಹ್ಞೂಂ ಅನ್ನುತ್ತಾ ಪಾತ್ರೆ ತೊಳೆಯುತ್ತಿದ್ದೆ.

ಪ್ರತಿ ತಿಂಗಳ ಮೊದಲ ಸೋಮವಾರ ನರ್ಸಮ್ಮ ಎಲ್ಲರನ್ನೂ ತೂಕದ ಕುರ್ಚಿಯಲ್ಲಿ ಕೂರಿಸಿ ಬರೆದುಕೊಳ್ಳುತ್ತಾಳೆ. ಮೊದಲ ತಿಂಗಳು ಯಾರೂ ಗಮನಿಸಲಿಲ್ಲ. ಎರಡನೆಯ ತಿಂಗಳು ಬಿಸಿಲಿಗೆ ಇಳಿದಿದ್ದಾರೆ ಅಂದಳು. ಮೂರನೆಯ ತಿಂಗಳು ತಾತನ ತೂಕ ನಾಲ್ಕು ಕಿಲೋ ಕಡಿಮೆಯಾಗಿತ್ತು. ಅವರು ಬೆಲ್ಟಿನ ಕೊನೆಯ ತೂತೂ ಸಡಿಲಾಗಿ ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡಿದ್ದನ್ನು ನಾನು ನೋಡಿದ್ದೆ. ತಾತಾ, ಹುಡುಗನ ಹಾಗೆ ಸಣ್ಣಗಾಗಿದ್ದೀರಿ ಅಂತ ತಮಾಷೆಯನ್ನೂ ಮಾಡಿದ್ದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕಬೇಕು. ಆ ತೂಕ ನೋಡಿದ ಎರಡು ದಿನಕ್ಕೆ ತಾತ ಬಚ್ಚಲಿನ ಬಾಗಿಲಲ್ಲಿ ಕುಸಿದರು. ಮೂಳೆ ಮುರಿಯಲಿಲ್ಲ. ಸೊಂಟದಿಂದ ತೊಡೆಯವರೆಗೆ ನೀಲಿಗಟ್ಟಿದೆ. ಡಾಕ್ಟರು ಬಂದು ಕಾಲು ಒತ್ತಿ ನೋಡಿ, ಇವರ ಮಾಂಸಖಂಡವೇ ಕರಗಿ ಹೋಗಿದೆ, ಈ ವಯಸ್ಸಿನಲ್ಲಿ ಕರಗಿದ್ದು ಸುಲಭಕ್ಕೆ ಬರುವುದಿಲ್ಲ, ಏನು ಊಟ ಕೊಡುತ್ತಿದ್ದೀರಿ ಅಂತ ಕೇಳಿದರು. ನಾನು ಬಾಗಿಲ ಹತ್ತಿರವೇ ಗಂಜಿಯ ಲೋಟ ಹಿಡಿದು ನಿಂತಿದ್ದೆ.

ತಾತ ಈಗ ಊಟದ ಹೊತ್ತಿಗೆ ಕುರ್ಚಿಯ ಕೈ ಹಿಡಿದು ಏಳಲು ನೋಡುತ್ತಾರೆ. ಅರ್ಧ ಎದ್ದು ಕೂತುಬಿಡುತ್ತಾರೆ. ಮೂರು ಸಲ ನೋಡಿ, ಯಾರಾದರೂ ಬರಲಿ ಅಂತ ಕಾಯುತ್ತಾರೆ. ಮೊನ್ನೆ ನಾನು ಹೋಗಿ ಎಬ್ಬಿಸಿದೆ. 'ಕಾಲಿಗೆ ವಯಸ್ಸಾಯ್ತು ತಾಯಿ' ಅಂದರು. ವಯಸ್ಸಲ್ಲ ತಾತಾ, ಆಲೂಗಡ್ಡೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ನರ್ಸಮ್ಮ ತೂಕದ ಪುಸ್ತಕ ತೆಗೆದುಕೊಂಡು ಹೋಗಿ ಮೇಡಂ ಮುಂದೆ ಇಟ್ಟಳು. ಹದಿನಾರು ಜನರಲ್ಲಿ ಒಂಬತ್ತು ಜನ ಇಳಿದಿದ್ದರು. ಶುಕ್ರವಾರ ನನ್ನನ್ನು ಆಫೀಸಿಗೆ ಕರೆಸಿದರು. ಮೇಡಂ ಕೇಳಿದ ಮೊದಲ ಮಾತೇ, 'ಮಾಂಸ ಎಲ್ಲಿಗೆ ಹೋಯ್ತು? ಮನೆಗಾ?' ಇಪ್ಪತ್ತೆರಡು ವರ್ಷ ಆ ಅಡುಗೆಮನೆಯಲ್ಲಿದ್ದೇನೆ, ಒಂದು ಈರುಳ್ಳಿ ಸೆರಗಿಗೆ ಕಟ್ಟಿಕೊಂಡು ಬಂದವಳಲ್ಲ. ಕಣ್ಣಲ್ಲಿ ನೀರು ಬಂತು. ತರಿಸಲೇ ಇಲ್ಲ ಮೇಡಂ ಅಂದೆ. ಅಂಗಡಿಯ ಚೀಟಿಗಳನ್ನು ತರಿಸಿ ನೋಡಿ ನಂಬಿದರು. ಯಾಕೆ ತರಿಸಲಿಲ್ಲ ಅಂತ ಕೇಳಿದರು. ಏನೋ ಹೇಳಿದೆ. ಎಚ್ಚರಿಕೆ ಕೊಟ್ಟು ಕಳಿಸಿದರು, ಕೆಲಸ ಉಳಿಯಿತು. ನಿನ್ನೆಯಿಂದ ಮತ್ತೆ ನಾಲ್ಕು ದಿನದ ಪಟ್ಟಿ, ಜೊತೆಗೆ ದಿನಾ ಒಂದು ಮೊಟ್ಟೆ. ನಿನ್ನೆ ಬೆಳಿಗ್ಗೆ ಮಣಿಕಟ್ಟಿಗೆ ಬಟ್ಟೆ ಬಿಗಿದು ಕೊಚ್ಚಿದೆ. ತಾತ ಎರಡು ಚಮಚ ತಿಂದು ಸಾಕು ಅಂದರು. ಅಗಿದು ಅಭ್ಯಾಸ ತಪ್ಪಿದೆಯಂತೆ. ಪಕ್ಕದಲ್ಲಿ ಕೂತು, ಇನ್ನೊಂದು, ಇನ್ನೊಂದು ಅಂತ ಮಗುವಿಗೆ ಉಣಿಸಿದ ಹಾಗೆ ಉಣಿಸಿದೆ. ಅರ್ಧ ತಟ್ಟೆ ಹೋಯಿತು.

ನೀನು ಹೇಳಿದ್ದು ತಪ್ಪು ಅಂತ ನಾನು ಬರೆಯುತ್ತಿಲ್ಲ. ಭಾನುವಾರ ಆಶ್ರಮಕ್ಕೆ ಬರುವ ಮಕ್ಕಳು, ಮೊಮ್ಮಕ್ಕಳು ತೋಟದಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತು ಮಾಂಸ ತಿನ್ನುವುದನ್ನು, ಅರ್ಧ ಕಚ್ಚಿ ಬುಟ್ಟಿಗೆ ಎಸೆಯುವುದನ್ನು ಎಷ್ಟು ವರ್ಷದಿಂದ ನೋಡುತ್ತಿಲ್ಲ ನಾನು? ಕಡಿಮೆ ಮಾಡಲಿ, ಬೇಕಾದಷ್ಟು ಜನ ಕಡಿಮೆ ಮಾಡಬಹುದು. ನಿಮ್ಮಪ್ಪ ಎಲ್ಲರಿಗಿಂತ ಮೊದಲು ಮಾಡಬೇಕು. ಆದರೆ ನಿಮ್ಮಪ್ಪನ ತಟ್ಟೆಯಿಂದ ತೆಗೆಯಬೇಕಾದ್ದನ್ನು ನಾನು ಬಡಗಿ ತಾತನ ತಟ್ಟೆಯಿಂದ ತೆಗೆದೆ. ನಿಮ್ಮಪ್ಪನ ತಟ್ಟೆಗೆ ಕೈ ಹಾಕಿದರೆ ಮನೆಯಲ್ಲಿ ಮೂರು ದಿನ ಮುಖ ಊದಿಸಿಕೊಂಡಿರುತ್ತಾರೆ. ತಾತ ಚೆನ್ನಾಗಿತ್ತು ಅನ್ನುತ್ತಾರೆ. ಯಾಕೆ ಅಂತ ಕೇಳದವರ ತಟ್ಟೆಯಿಂದ ತೆಗೆಯುವುದು ನನಗೆ ಸುಲಭವಾಗಿತ್ತು, ಅಷ್ಟೇ. ಪ್ರಾಣಿಗಳ ಮೇಲೆ ದಯೆ, ಭೂಮಿಯ ಮೇಲೆ ಕಾಳಜಿ, ಯಾವುದೂ ನನ್ನ ಮನಸ್ಸಿನಲ್ಲಿ ಇರಲಿಲ್ಲ. ನನ್ನ ಕೈ ನೋಯುತ್ತಿತ್ತು. ನನಗೆ ಆಯಾಸವಾಗಿತ್ತು ಕೂಸೇ, ಈಗಲೂ ಆಗಿದೆ. ಮಲಗಿ ಎದ್ದರೆ ಹೋಗುವ ಆಯಾಸ ಇದಲ್ಲ.

ಮನೆಯಲ್ಲಿ ಬೇರೆ ಹೇಳಿಕೊಳ್ಳುವಂಥದ್ದು ಏನಿಲ್ಲ. ನಿನ್ನ ಹಳದಿ ಸ್ವೆಟರು ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು, ನುಸಿ ತಿಂದಿಲ್ಲ, ಕಳಿಸುತ್ತೇನೆ. ಮೇಲಿನ ಮನೆಯವರು ನಿನ್ನನ್ನು ಕೇಳುತ್ತಿರುತ್ತಾರೆ. ನಿಮ್ಮಪ್ಪ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ, ಅವರ ಆಶೀರ್ವಾದವನ್ನೂ ನಾನೇ ಬರೆಯುತ್ತಿದ್ದೇನೆ. ಓದು, ಉಣ್ಣು, ಬೆಚ್ಚಗಿರು. ನಿನಗೆ ಒಳ್ಳೆಯದಾಗಲಿ, ನನಗಿಂತ ಒಳ್ಳೆಯವಳಾಗಿ ಬಾಳು.

ನಿನ್ನ
ಅಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಯಾಕೆ ತರಿಸಲಿಲ್ಲ ಅಂತ ಮೇಡಂ ಕೇಳಿದಾಗ ನಾನು ನಿನ್ನ ಮೇಲೆ ಹಾಕಿದೆ. 'ನನ್ನ ಮಗಳು ಊಟದ ವಿಷಯವೇ ಓದ್ತಿದ್ದಾಳೆ ಮೇಡಂ, ವಯಸ್ಸಾದೋರಿಗೆ ಮಾಂಸ ಬೇಡ, ಆಲೂಗಡ್ಡೆ ಸಾಕು ಅಂತ ಅವಳೇ ಹೇಳಿದ್ಲು' ಅಂದೆ. ಕಳ್ಳಿ ಅನ್ನಿಸಿಕೊಂಡು, ಕೈಲಾಗದವಳೂ ಅನ್ನಿಸಿಕೊಂಡರೆ ಕೆಲಸ ಹೋಗುತ್ತದೆ ಅಂತ ಹೆದರಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಮೇಡಂ ನಿನ್ನ ಕಾಲೇಜಿನ ವಿಳಾಸ ಕೇಳಿದರು. ಕೊಟ್ಟೆ. ಇಂಥ ಹುಡುಗಿಗೆ ಸರ್ಟಿಫಿಕೇಟು ಕೊಡಬಾರದು ಅಂತ ಪ್ರಿನ್ಸಿಪಾಲರಿಗೆ ಬರೆಯುತ್ತಾರಂತೆ. ನಾಳೆ ಬೆಳಿಗ್ಗೆ ಚಾಕು ಹಿಡಿಯುವ ಮೊದಲು ಆಫೀಸಿಗೆ ಹೋಗಿ ಈ ಕೈ ತೋರಿಸಿ ನಿಜ ಹೇಳುತ್ತೇನೆ, ಇಟ್ಟುಕೊಂಡರೆ ಇಟ್ಟುಕೊಳ್ಳಲಿ, ಬಿಟ್ಟರೆ ಬಿಡಲಿ. ಆದರೆ ಮೇಡಂ ಪತ್ರ ನಿನ್ನೆಯ ಅಂಚೆಗೇ ಹೋಗಿರಬಹುದು. ಪ್ರಿನ್ಸಿಪಾಲರು ನಿನ್ನನ್ನು ಕರೆಸಿ ಕೇಳಿದರೆ, ಅಮ್ಮನನ್ನು ಉಳಿಸಲು ಹೌದು, ನಾನೇ ಹೇಳಿದೆ ಅಂತ ತಲೆಯಾಡಿಸಬೇಡ. ನೀನು ಹಾಗೆ ಮಾಡುವವಳೇ, ಅದಕ್ಕೇ ಹೇಳುತ್ತಿದ್ದೇನೆ. ನನ್ನ ಅಮ್ಮ ಸುಳ್ಳು ಹೇಳಿದ್ದಾಳೆ ಅನ್ನು. ಈ ಪತ್ರವನ್ನೇ ಅವರ ಮೇಜಿನ ಮೇಲೆ ಇಡು. ಅದಕ್ಕೋಸ್ಕರವೇ ಫೋನು ಮಾಡದೆ ನನ್ನ ಕೈಯಾರೆ ಬರೆದಿದ್ದೇನೆ.