ಪಕ್ಕದ ಸೀಟಿನ ಚಿಕ್ಕಮ್ಮ

ದಾವಣಗೆರೆ
ಫೆಬ್ರವರಿ 30, 2158
ರಾತ್ರಿ ಎರಡೂಮುಕ್ಕಾಲು

ಇಂಚರಾ,

ನನ್ನನ್ನು ಎಬ್ಬಿಸಿದ್ದು ನನ್ನ ಗಂಡನ ನಗು. ನಡುಮನೆಗೆ ಬಂದು ನೋಡಿದರೆ ಮರುಳಸಿದ್ದ ಕತ್ತಲಲ್ಲಿ ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನೂ ಗೋಡೆಯ ಕಡೆ ತಿರುಗಿದೆ. ಅಲ್ಲಿ ಒಂದು ಹೆಣ ಸಾಗುತ್ತಿತ್ತು, ಹಿಂದೆ ಒಬ್ಬ ಹುಡುಗಿ ಚಪ್ಪಲಿಯಿಲ್ಲದೆ ನಡೆಯುತ್ತಿದ್ದಳು. ಇಬ್ಬರೂ ನೋಡುತ್ತಿದ್ದುದು ಒಂದೇ ಗೋಡೆ, ಒಂದೇ ಹೆಸರಿನ ಸಿನಿಮಾ. ಅವನ ಕಣ್ಣಿಗೆ ಅದು ನಗೆ, ನನ್ನ ಕಣ್ಣಿಗೆ ಸಾವು. "ಏನಾಯ್ತು ಅಂಥದ್ದು?" ಎಂದು ಕೇಳಿದೆ. "ನಿಂಗ್ ಗೊತ್ತಾಗಲ್ಲ ಬಿಡು, ಮಲ್ಕೋ ಹೋಗು," ಎಂದ. ಸಿಟ್ಟಿನಿಂದ ಅಂದದ್ದಲ್ಲ, ಇದ್ದದ್ದನ್ನೇ ಅಂದ. ಆಮೇಲೆ ನಿದ್ದೆ ಬರಲಿಲ್ಲ. ಬೆಳಗ್ಗೆ ಮಗಳ ಕೆಲಸವೊಂದಿದೆ, ಆ ಚಿಂತೆಯೂ ಸೇರಿಕೊಂಡಿತು. ಎಷ್ಟೋ ದಿನದಿಂದ ಬರೆಯಬೇಕೆಂದುಕೊಂಡಿದ್ದ ಈ ಪತ್ರವನ್ನು ಈಗ ಬರೆಯಲು ಕೂತಿದ್ದೇನೆ.

ತಾರೀಖು ನೋಡಿ ನೀನು ನಕ್ಕಿರಬಹುದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳಿಗೆ ಹೆಸರಿಲ್ಲ, ಅವು ರಜೆ. ನನ್ನ ಮಾತೂ ನಿನಗೆ ವಿಚಿತ್ರ ಅನ್ನಿಸೀತು, ಕ್ಷಮಿಸು. ನಿನ್ನ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಕಲಿತದ್ದು, ಅದೂ ಮುಕ್ಕಾಲು ಪಾಲು ನಿನ್ನ ಬರಹದಿಂದಲೇ. ನೀನು ನನ್ನ ಅಜ್ಜಿಯ ಅಜ್ಜಿ. ಹದಿನಾರರ ಹುಡುಗಿಯನ್ನು ಅಜ್ಜಿ ಎಂದು ಕರೆದರೆ ಮೆಸೇಜನ್ನು ಅಲ್ಲಿಗೇ ಅಳಿಸಿಬಿಡುತ್ತೀಯ ಎಂಬ ಭಯಕ್ಕೆ ಹೆಸರು ಹಿಡಿದು ಬರೆಯುತ್ತಿದ್ದೇನೆ. ನಮ್ಮ ಮನೆಯ ಹಿರಿಯರು ಕಂಡರೆ ಬೈದಾರು.

ಇದು ನಿನ್ನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಬಂದಿರುತ್ತದೆ. ಹಿಂದಿನವರಿಗೆ ಹೋಗುವ ಈ ಅಂಚೆಯನ್ನು ನಾವು ಹಿಂದಂಚೆ ಎನ್ನುತ್ತೇವೆ. ಒಬ್ಬೊಬ್ಬರಿಗೆ ಬದುಕಿನಲ್ಲಿ ಒಂದೇ ಸಲ, ಸ್ವಂತ ಮನೆತನದವರಿಗೆ ಮಾತ್ರ. ದಿನವನ್ನು ನಾವು ಆರಿಸಿಕೊಳ್ಳಬಹುದು, ಹೊತ್ತು ಮಾತ್ರ ಇಲ್ಲಿ ಎಷ್ಟೋ ಅಲ್ಲಿಯೂ ಅಷ್ಟೇ. ಬಂಗಾರ, ಜಮೀನು, ರೋಗ, ಚುನಾವಣೆ ಇಂಥವುಗಳ ಸುದ್ದಿ ಇದ್ದರೆ ಅಂಚೆಯವರು ಓದಿ ಹೊಡೆದುಹಾಕುತ್ತಾರೆ. ಸಿನಿಮಾ ಮಾತು ಎಂದರೆ ಕೈ ಬೀಸಿ ಕಳಿಸಿಬಿಡುತ್ತಾರೆ, ಅದರಿಂದ ಯಾರಿಗೇನು ಕೇಡು ಎಂದು. ಕಳಿಸಿದ್ದರಿಂದ ಏನಾದರೂ ಬದಲಾಯಿತೇ ಎಂಬುದು ಕಳಿಸಿದವರಿಗೂ ತಿಳಿಯುವುದಿಲ್ಲ. ಬದಲಾಗಿದ್ದರೆ ಮೊದಲಿನಿಂದಲೂ ಹಾಗೇ ಇತ್ತು ಅನ್ನಿಸುತ್ತದಂತೆ. ನನ್ನ ಅಮ್ಮ ತನ್ನ ಪತ್ರವನ್ನು ಯಾವುದಕ್ಕೆ ಖರ್ಚು ಮಾಡಿದಳೋ ಅವಳಿಗೇ ನೆನಪಿಲ್ಲ.

ಮೊದಲು ನಮ್ಮ ಸಿನಿಮಾದ ವಿಷಯ ಹೇಳಬೇಕು. ಅದನ್ನು ಒಬ್ಬರಾಟ ಎನ್ನುತ್ತೇವೆ. ಕ್ಯಾಮೆರಾ ಇಲ್ಲ, ನಟರಿಲ್ಲ, ಬಿಡುಗಡೆಯ ಶುಕ್ರವಾರವೂ ಇಲ್ಲ. ನಾವು ನೋಡನೋಡುತ್ತಿದ್ದಂತೆ ಅದು ನಮಗಾಗಿ ತಯಾರಾಗುತ್ತದೆ. ಮಗುವಿಗೆ ಮೂರು ತುಂಬಿದಾಗ ಒಂದು ಕೋಣೆಯಲ್ಲಿ ಕೂರಿಸಿ ಕಣ್ಣಳತೆ ತೆಗೆಯುತ್ತಾರೆ. ಯಾವುದಕ್ಕೆ ಉಸಿರು ಬಿಗಿಹಿಡಿಯುತ್ತದೆ, ಎಲ್ಲಿ ನೋಟ ಜಾರುತ್ತದೆ, ಯಾರ ಮುಖ ಕಂಡರೆ ಹತ್ತಿರ ಸರಿಯುತ್ತದೆ, ಎಲ್ಲವೂ ಅಳತೆಯಾಗುತ್ತದೆ. ಅಲ್ಲಿಂದ ಮುಂದೆ ಆ ಮಗುವಿಗೆ ಬೇಸರವೆಂಬುದೇ ಇಲ್ಲ. ಸಿನಿಮಾ ನೋಡಿ "ಥೂ, ದುಡ್ಡು ದಂಡ" ಎಂದವರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಮದುವೆಯಾದ ಮೇಲೆ ನಾನೂ ಮರುಳಸಿದ್ದನೂ ನೀರಿಗೆ, ಅಡುಗೆಗೆ, ಅವನ ಅಣ್ಣನ ವಿಷಯಕ್ಕೆ ಜಗಳವಾಡಿದ್ದೇವೆ, ಸಿನಿಮಾಕ್ಕೆ ಮಾತ್ರ ಒಂದು ದಿನವೂ ಆಡಿಲ್ಲ. ಆಡುವುದಾದರೂ ಹೇಗೆ? ವಿಮರ್ಶೆ ಎಂಬ ಪದ ನಮ್ಮಲ್ಲಿ ಉಳಿದಿದೆ, ನಲ್ಲಿಯಲ್ಲಿ ನೀರು ಬರದಿದ್ದಾಗ ಕೊಡುವ ದೂರಿಗೆ ಹಾಗೆನ್ನುತ್ತಾರೆ.

ನೀನು ಹೋಗುತ್ತಿದ್ದ ಥಿಯೇಟರಿನ ಕಟ್ಟಡ ಇನ್ನೂ ಇದೆ. ಈಗ ಅದು ತಂಪುಮನೆ. ಬಿಸಿಲು ಹತ್ತಿದ ಮೇಲೆ ಬಡಾವಣೆಯವರೆಲ್ಲ ಅಲ್ಲಿಗೆ ಹೋಗಿ ಸಂಜೆಯವರೆಗೆ ಕೂರುತ್ತೇವೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ಎಲ್ಲರೂ ತಂತಮ್ಮ ಒಬ್ಬರಾಟ ನೋಡುತ್ತ. ಕುರ್ಚಿಗಳನ್ನು ಯಾವಾಗಲೋ ಕಿತ್ತಿದ್ದಾರೆ. ನೆಲ ಮಾತ್ರ ಇನ್ನೂ ಇಳಿಜಾರು. ನನ್ನ ಮಗಳು ಸಂಪಿಗೆ ಮೇಲಿನಿಂದ ಚೆಂಡು ಬಿಟ್ಟು, ಅದು ಕೂತವರ ಕಾಲುಗಳ ನಡುವೆ ಉರುಳಿಹೋಗುವುದನ್ನು ನೋಡಿ ಚಪ್ಪಾಳೆ ತಟ್ಟುತ್ತಾಳೆ. "ಕಟ್ಟಿದವ್ನು ಕುಡ್ದಿದ್ದ ಅನ್ಸುತ್ತೆ," ಎಂದು ಜನ ಬೈಯುತ್ತಾರೆ. ಹಿಂದಿನವರಿಗೂ ಕಾಣಲಿ ಎಂದು ನೆಲವನ್ನು ಹಾಗೆ ಇಳಿಸಿದ್ದರೆಂದು ನನಗೆ ಗೊತ್ತು. ನೀನು ಬರೆದಿದ್ದೀಯ.

ನೀನು ಫೋನಿನಲ್ಲಿ ಹಾಕಿದ ಸಿನಿಮಾ ವಿಮರ್ಶೆಗಳನ್ನೆಲ್ಲ ಓದಿದ್ದೇನೆ, ಇಂಚರಾ. ಕಾಲೇಜಿನಲ್ಲಿ ಹಳೆಯ ಮನರಂಜನೆಗಳ ವಿಭಾಗ ಎಂದಿತ್ತು, ಓದುತ್ತಿದ್ದವಳು ನಾನೊಬ್ಬಳೇ. ಹೀರೋ ಬರುವ ದೃಶ್ಯದ ಬಗ್ಗೆ ನೀನು ಬರೆದದ್ದು ನನಗೆ ಬಾಯಿಪಾಠ: "ಮೊದಲು ಬೂಟು, ಆಮೇಲೆ ವಾಚು, ಆಮೇಲೆ ಬೆನ್ನು. ಮುಖ ಬರುವಷ್ಟರಲ್ಲಿ ನಮ್ಮ ಅರ್ಧ ಡಬ್ಬಿ ಮಂಡಕ್ಕಿ ಖಾಲಿ. ಪಕ್ಕದ ಸೀಟಿನಿಂದ ಚಿಕ್ಕಮ್ಮ ಕೇಳಿದಳು, ಇವ್ನೇನ್ ಅಂಗ್ಡೀಲಿ ಬಿಡಿಬಿಡಿಯಾಗಿ ಸಿಗ್ತಾನೇನೇ?" ದೆವ್ವದ ಸಿನಿಮಾದಲ್ಲಿ ದೆವ್ವಕ್ಕಿಂತ ಬಾಗಿಲಿನ ಕಿರುಗುಟ್ಟುವಿಕೆಯೇ ಹೆಚ್ಚು ಎಂದು ನೀನು ಒಂದು ಪುಟ ಬರೆದಿದ್ದೆ. ಕೊನೆಯಲ್ಲಿ ಚಿಕ್ಕಮ್ಮನ ಮಾತು: "ಆ ಬಾಗ್ಲಿಗೊಂದ್ ತೊಟ್ಟು ಎಣ್ಣೆ ಬಿಟ್ಟಿದ್ರೆ ಸಿನಿಮಾನೇ ಇರ್ತಿರ್ಲಿಲ್ಲ." ಡಾಕ್ಟರ್ ನಾಯಕಿಯ ಬಗ್ಗೆ ಬರೆದದ್ದಂತೂ ಪೂರ್ತಿ ನಿನ್ನದೇ: "ಎರಡೂವರೆ ಗಂಟೆಯಲ್ಲಿ ಅವಳು ಹಿಡಿದ ಒಂದೇ ನಾಡಿ ಹೀರೋದು." ಅದಕ್ಕೆ ಬಸ್‌ಸ್ಟಾಪಿನಲ್ಲಿ ಚಿಕ್ಕಮ್ಮ ನಿನ್ನ ಮೇಲೆ ಹರಿಹಾಯ್ದಳಂತೆ. "ನಿಂಗೆ ಎಲ್ಲಾದ್ರಲ್ಲೂ ಹುಳುಕೇ ಕಾಣೋದು. ಆ ಹುಡ್ಗಿ ಸೀರೆ ನೋಡಿದ್ಯಾ? ಅಂಥ ಬಾರ್ಡರ್ ನಮ್ ಅಂಗ್ಡೀಲೇ ಇಲ್ಲ." ನೀನು ಸೀರೆ ವಿಮರ್ಶೆಯಲ್ಲ ಎಂದೆ, ಅವಳು ನಿನ್ನದು ಹೊಟ್ಟೆಕಿಚ್ಚು ಎಂದಳು, ಬಸ್ಸು ಹೋಗಿಯೇಬಿಟ್ಟಿತು. ಅದನ್ನೂ ಬರೆದೆ. ನಾನು ಅದನ್ನೋದಿ ತಂಪುಮನೆಯಲ್ಲಿ ಗಟ್ಟಿಯಾಗಿ ನಕ್ಕೆ. ಯಾರೂ ತಿರುಗಿ ನೋಡಲಿಲ್ಲ, ನನ್ನ ಒಬ್ಬರಾಟಕ್ಕೆ ನಗುತ್ತಿದ್ದೇನೆಂದುಕೊಂಡರು.

ರುದ್ರಾಣಿ ಚಿಕ್ಕಮ್ಮ, ನಿನ್ನಮ್ಮನ ತಂಗಿ, ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವಳು, ಗೇಟಿನವನಿಗೆ ಗೊತ್ತಾಗದಂತೆ ವ್ಯಾನಿಟಿ ಬ್ಯಾಗಿನಲ್ಲಿ ಮಂಡಕ್ಕಿ ಡಬ್ಬಿ ಅಡಗಿಸಿ ತರುವವಳು. ಅವಳ ಮುಖ ನಾನು ನೋಡಿಲ್ಲ. ಆದರೆ ಕತ್ತಲಲ್ಲಿ ಅವಳ ದನಿ ಹೇಗಿರುತ್ತಿತ್ತೆಂದು ಬಲ್ಲೆ.

ಆಮೇಲೆ ನೀನು ಫೋನಿನಲ್ಲಿ ವಿಮರ್ಶೆಯ ತರಗತಿಗೆ ಸೇರಿದೆ. ಆ ಮೇಷ್ಟ್ರನ್ನು ನಾನು ದೂರುವುದಿಲ್ಲ. ಕ್ಯಾಮೆರಾ ಎಲ್ಲಿ ನಿಂತಿದೆ ನೋಡು, ದೃಶ್ಯದಲ್ಲಿ ಬಾಯಿಬಿಡದವರು ಯಾರು ಕೇಳು, ಸಂಗೀತ ನಿನ್ನ ಬದಲು ಅಳುತ್ತಿದೆಯೇ ಗಮನಿಸು ಎಂದು ಹೇಳಿಕೊಟ್ಟವರು ಅವರೇ. ನಿನ್ನ ಕಣ್ಣು ಚುರುಕಾದದ್ದು ಬರಹದಲ್ಲೇ ಕಾಣುತ್ತದೆ. "ವಿಮರ್ಶೆಯಲ್ಲಿ ಚಿಕ್ಕಮ್ಮ ಯಾಕೆ?" ಎಂದೂ ಅವರೇ ಕೇಳಿದರು. ನೀನು ಅವಳನ್ನು "ಪ್ರೇಕ್ಷಕರು" ಎಂದು ಮಾಡಿದೆ.

ಇವತ್ತು ಸಂಜೆ ನೀನು ಹಾಕಿದ ವಿಮರ್ಶೆಯ ವಿಷಯಕ್ಕೆ ಬರುತ್ತೇನೆ. ಜೈಲಿನಿಂದ ತಂಗಿಯ ಮದುವೆಗೆ ಓಡಿಬರುವ ಅಣ್ಣನ ಆ ಸಿನಿಮಾ. ಅದು ಕೆಟ್ಟದಾಗಿದೆ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಬೇಡಿಯ ಕೈಗಳು ನಿಧಾನವಾಗಿ ಅಕ್ಷತೆ ಎಸೆಯುವ ದೃಶ್ಯ ಸುಳ್ಳು, ನೀನು ಅದನ್ನು ಸುಳ್ಳೆಂದು ತೋರಿಸಿದ ರೀತಿ ಚೆಂದ. ಆದರೆ ನೀನು ಇದನ್ನೂ ಬರೆದೆ: "ನನ್ನ ಪಕ್ಕದಲ್ಲಿ ನಲವತ್ತು ದಾಟಿದ ಹೆಂಗಸೊಬ್ಬರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಬಿಕ್ಕುತ್ತಿದ್ದರು. ಇಂಥ ಪ್ರೇಕ್ಷಕರು ಇರುವ ತನಕ ಇಂಥ ಸಿನಿಮಾಗಳಿಗೆ ಸಾವಿಲ್ಲ." ಮೇಷ್ಟ್ರು ಶಭಾಷ್ ಎಂದರು. ಸಾವಿರಾರು ಜನ ನಕ್ಕರು. ರುದ್ರಾಣಿ ಚಿಕ್ಕಮ್ಮ ಅಂಗಡಿ ಮುಚ್ಚುವ ಹೊತ್ತಿನಲ್ಲಿ "ನಮ್ ಹುಡ್ಗಿ ಬರ್ದಿರೋದು ಕಣ್ರೇ, ಕೇಳಿ" ಎಂದು ಜೊತೆಯವರನ್ನು ಕೂಡಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದಳಂತೆ. ಆ ಸಾಲಿಗೆ ಬಂದು ನಿಂತಳು. "ಮುಂದೆ ಓದ್ರಿ ಅಕ್ಕ," ಎಂದರು ಹುಡುಗಿಯರು. "ಕನ್ನಡ್ಕ ಮನೇಲಿ ಬಿಟ್ ಬಂದೀನಿ," ಎಂದಳಂತೆ. ಕನ್ನಡಕ ಮೂಗಿನ ಮೇಲೇ ಇತ್ತು.

ರಾತ್ರಿ ಅವಳು ನಿನ್ನ ವಿಮರ್ಶೆಯ ಕೆಳಗೆ ಬರೆದದ್ದು ನಮ್ಮ ಕಾಲದವರೆಗೂ ಅಲ್ಲೇ ಇದೆ: "ಚೆನ್ನಾಗ್ ಬರ್ದಿದೀಯ ಮಗ್ಳೆ. ಇನ್ಮೇಲೆ ಗಟ್ಟಿಯಾಗಿ ಅಳಲ್ಲ ಬಿಡು." ಅದರ ಕೆಳಗೆ ನೀನು ಒತ್ತಿದ ನಗುವ ಮುಖವೂ ಇದೆ.

ಬೆಳಗಾದರೆ ಕೆಟ್ಟದ್ದೇನೂ ಆಗುವುದಿಲ್ಲ, ಕಷ್ಟವಿರುವುದು ಅಲ್ಲೇ. ನಿನಗೆ ಹೊಗಳಿಕೆಯ ಫೋನುಗಳು ಬರುತ್ತವೆ. ಭಾನುವಾರದ ಬೆಳಗಿನ ಆಟಕ್ಕೆಂದು ಚಿಕ್ಕಮ್ಮ ತೆಗೆದಿಟ್ಟ ಎರಡು ಟಿಕೆಟ್ಟುಗಳನ್ನು ಕೆಳಗಿನ ಮನೆಯ ಮಕ್ಕಳಿಗೆ ಕೊಟ್ಟು, ಕಾಲು ನೋವು ಎನ್ನುತ್ತಾಳೆ. ಹಬ್ಬಕ್ಕೆ ನೀನು ಹೋದಾಗ ಹೋಳಿಗೆ ಬಡಿಸುತ್ತಾಳೆ, ಮಾರ್ಕ್ಸ್ ಎಷ್ಟು ಎಂದು ಕೇಳುತ್ತಾಳೆ, ನಗುತ್ತಾಳೆ. ನೀವಿಬ್ಬರೂ ಮುಂದೆಂದೂ ಜೊತೆಯಲ್ಲಿ ಸಿನಿಮಾಕ್ಕೆ ಹೋಗುವುದಿಲ್ಲ. ಇದನ್ನೆಲ್ಲ ನನ್ನ ಅಜ್ಜಿಗೆ ಹೇಳಿದವಳು ನೀನೇ, ಎಂಬತ್ತರ ವಯಸ್ಸಿನಲ್ಲಿ. "ಬೆಳಗ್ಗೆ ಫೋನ್ ಮಾಡೋಣ ಅಂದ್ಕೊಂಡೆ ಕಣೇ. ಬೆಳಗ್ಗೆ ಬಿಡುವೇ ಆಗ್ಲಿಲ್ಲ. ಮಾರನೇ ದಿನ ನಾಚ್ಕೆ ಆಯ್ತು. ಆಮೇಲ್ ಆಮೇಲೆ ಅದ್ನ ಎತ್ತೋದೇ ತಪ್ಪು ಅನ್ನಿಸ್ತು." ಅಜ್ಜಿ ಕೇಳಿದಳಂತೆ, ಚಿಕ್ಕಮ್ಮ ಅವತ್ತು ಅಷ್ಟು ಅತ್ತದ್ದೇಕೆ ಎಂದು. ನಿನಗೆ ಗೊತ್ತಿರಲಿಲ್ಲ. ಸಂಗೀತ ಯಾಕೆ ಅಳುತ್ತಿದೆ ಎಂದು ಒಂದು ಪುಟ ಕೇಳಿದ್ದೆ, ಪಕ್ಕದಲ್ಲಿದ್ದವಳನ್ನು ಕೇಳಿರಲಿಲ್ಲ.

ಮುಂದೆ ನೀನು ದೊಡ್ಡ ಹೆಸರು ಮಾಡುತ್ತೀಯ, ಅಷ್ಟು ಹೇಳಿದರೆ ಅಂಚೆಯವರು ಬಿಟ್ಟಾರು. ಆ ಬರಹಗಳನ್ನೂ ಓದಿದ್ದೇನೆ. ತಪ್ಪು ಹುಡುಕಲಾರೆ, ಎರಡನೇ ಸಲ ಓದಲೂ ಆರೆ. ಅವುಗಳಲ್ಲಿ ಯಾರೂ ಮಂಡಕ್ಕಿ ತಿನ್ನುವುದಿಲ್ಲ. ಹೋದ ವಾರ ಸಂಪಿಗೆಯ ಕಣ್ಣಳತೆಗೆ ದಿನ ಕೇಳಲು ಹೋಗಿದ್ದೆ. ಆ ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು, ಕೆಳಗೆ ನಿನ್ನ ಹೆಸರು: "ಪಕ್ಕದ ಸೀಟು ಖಾಲಿ ಇದ್ದಾಗಲೇ ಸಿನಿಮಾ ಪೂರ್ತಿ ಕಾಣುವುದು." ಈ ರಾತ್ರಿಯಾದ ಸ್ವಲ್ಪ ದಿನಕ್ಕೆ ನೀನು ಬರೆಯುವ ಸಾಲು ಅದು. ಒಬ್ಬ ಹುಡುಗಿಯ ಒಂದು ಸಾಲಿನಿಂದ ಲೋಕ ಹೀಗಾಯಿತು ಎಂದು ನಾನು ನಂಬುವುದಿಲ್ಲ. ಆದರೂ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ಅದನ್ನು ಓದಿದಾಗ, ಯಾರೋ ನಮ್ಮನೆಯವರೇ ಬಾಗಿಲಿಗೆ ಅಡ್ಡ ನಿಂತ ಹಾಗಾಯಿತು. ನೀನು ಅದನ್ನು ಬರೆದದ್ದು ಒಬ್ಬಳೇ ಕೂತು ನೋಡಿ ಬಂದ ಮೊದಲ ಸಿನಿಮಾದ ಮೇಲೆ. ಅದು ವಿಮರ್ಶೆಯಲ್ಲ, ಇಂಚರಾ, ನಿನಗೆ ನೀನೇ ಹೇಳಿಕೊಂಡ ಸಮಾಧಾನ.

ಬೆಳಗ್ಗೆ ಸಂಪಿಗೆಯನ್ನು ಆ ಕೋಣೆಗೆ ಕರೆದೊಯ್ಯಬೇಕು. ಒಯ್ಯದಿದ್ದರೆ ಅವಳಿಗೆ ಗೋಡೆ ಬರೀ ಗೋಡೆ, ಪಾಠವೂ ಕಾಣುವುದಿಲ್ಲ, ಕತೆಯೂ ಕಾಣುವುದಿಲ್ಲ, ಓರಗೆಯ ಮಕ್ಕಳು ದೂರವಾಗುತ್ತಾರೆ. ಒಯ್ದರೆ, ಇವತ್ತು ಚೆಂಡು ಉರುಳಿದ್ದಕ್ಕೆ "ಅಮ್ಮಾ, ನೋಡ್ದ್ಯಾ? ನೋಡ್ದ್ಯಾ?" ಎಂದು ನನ್ನ ಗದ್ದ ಹಿಡಿದು ತಿರುಗಿಸಿದಳಲ್ಲ, ಅದು ಇನ್ನೆಷ್ಟು ದಿನ? ಮರುಳಸಿದ್ದನ ಹತ್ತಿರ ಇದನ್ನು ಹೇಳಲು ಹೋದೆ. "ಎಲ್ರಿಗೂ ಮಾಡ್ಸಿರೋದೇ ಅಲ್ವಾ, ನಿಂದೊಂದು," ಎಂದ. ನನಗೂ ಮಾಡಿಸಿದ್ದಾರೆ. ಅದಕ್ಕೇ ಭಯ.

ನನ್ನ ಕೈಯಲ್ಲಿ ಏನೂ ಇಲ್ಲ. ನಿನ್ನ ಕೈಯಲ್ಲಿ ಫೋನಿದೆ. ನಾಲ್ಕು ಗಂಟೆಯವರೆಗೂ ಲೈಕು ನೋಡುತ್ತ ಎದ್ದಿದ್ದೆ ಎಂದು ನೀನೇ ಅಜ್ಜಿಗೆ ಹೇಳಿದ್ದೀಯ, ಆದ್ದರಿಂದ ಇದನ್ನು ಈಗಲೇ ಓದುತ್ತಿದ್ದೀಯ. ಚಿಕ್ಕಮ್ಮನ ಹೆಸರಿನ ಪಕ್ಕ ನೋಡು, ಹಸಿರು ಚುಕ್ಕೆ ಇನ್ನೂ ಆರಿಲ್ಲ. ಅವಳಿಗೂ ನಿದ್ದೆ ಬಂದಿಲ್ಲ. ವಿಮರ್ಶೆಯನ್ನು ಅಳಿಸಬೇಡ, ಸಿನಿಮಾ ಚೆನ್ನಾಗಿದೆ ಎಂದು ಸುಳ್ಳು ಹೇಳಬೇಡ, ಬೇಕಾದರೆ ಬೆಳತನಕ ಜಗಳವಾಡು. ಕ್ಷಮೆ ಕೇಳಲು ಬಾಯಿ ಬರದಿದ್ದರೆ ಅದೂ ಬೇಡ. "ಚಿಕ್ಕಮ್ಮ, ಭಾನುವಾರ ಮಂಡಕ್ಕಿ ನೀನ್ ತರ್ತೀಯೋ, ನಾನ್ ತರ್ಲೋ?" ಎಂದು ಕೇಳು. ಅವಳು ಸುಮ್ಮನಿದ್ದರೆ ನೀನು ಫೋನ್ ಇಡಬೇಡ. ಅತ್ತರೆ, ಯಾಕೆ ಎಂದು ಕೇಳು. ಇಷ್ಟು ಹೊತ್ತಿನಲ್ಲಿ ಯಾರಾದರೂ ಫೋನ್ ಮಾಡುತ್ತಾರಾ ಎಂದುಕೊಳ್ಳಬೇಡಮ್ಮಾ, ಬೆಳಗ್ಗೆ ಮಾಡಿದರಾಯಿತು ಎಂದೂ ಅಂದುಕೊಳ್ಳಬೇಡ. ಆ ಬೆಳಗು ಹೇಗಿತ್ತೆಂದು ನನಗೆ ಗೊತ್ತಿದೆ. ಬೇಡಿಕೊಳ್ಳುತ್ತೇನೆ, ಬೆಳಕು ಹರಿಯುವ ಮೊದಲು, ಈಗಲೇ, ಅವಳಿಗೊಂದು ಫೋನ್ ಮಾಡು.

ನೀಲಾಂಬಿಕೆ