ಕಾಣದೆ ಹೋದ ಕೆಂಪು ಸಾಲು

ಕಚೇರಿಯ ಕಿಟಕಿ ಪಕ್ಕದ ಮೇಜಿನಿಂದ
ಮಂಗಳವಾರ, ಜೂನ್ ೯, ಊಟದ ಬಿಡುವು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಭಾವನ ಕೆಮ್ಮು? ಕಣ್ಣು ಹೇಗಿದೆ ಎಂದು ಕೇಳಿದರೆ ನಿನಗೆ ಸಿಟ್ಟು ಬರುತ್ತದೆ, ಆದರೂ ಕೇಳುತ್ತೇನೆ. ನಿನ್ನೆಯಿಂದ ಐದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಬಿಡು, ನಿನ್ನ ಜಾಗದಲ್ಲಿದ್ದಿದ್ದರೆ ನಾನೂ ಎತ್ತುತ್ತಿರಲಿಲ್ಲ. ಅದಕ್ಕೇ ಈ ಕಾಗದ, ಕೊರಿಯರಿನಲ್ಲಿ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ನೀರು ಕುಡಿದು ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ನಿಮ್ಮ ಆಸ್ಪತ್ರೆಯ ಔಷಧದ ಕೌಂಟರಿನಲ್ಲಿರುವುದು ನಮ್ಮ ಕಂಪನಿಯ ಸಾಫ್ಟ್‌ವೇರ್. ರೋಗಿಗೆ ಯಾವ ಔಷಧ ಒಗ್ಗುವುದಿಲ್ಲ ಎಂಬುದನ್ನು ಅದು ಪರದೆಯ ಕೊನೆಯಲ್ಲಿ ಕೆಂಪು ಸಾಲಿನಲ್ಲಿ ತೋರಿಸಬೇಕು. ನೀನು ಆ ಬಡಗಿಗೆ ಒಗ್ಗದ ಮಾತ್ರೆ ಕೊಟ್ಟೆ, ಅವನ ಮುಖ ಊದಿಕೊಂಡಿತು. ಅವನೇನೋ ಎರಡೇ ದಿನಕ್ಕೆ ಗುಣವಾಗಿ ಉಳಿ ಹಿಡಿದ. ನಿನ್ನನ್ನು ಮಾತ್ರ ಹತ್ತೊಂಬತ್ತು ವರ್ಷ ನಿಂತ ಕೌಂಟರಿನಿಂದ ಎಬ್ಬಿಸಿ ಗೋದಾಮಿಗೆ ಹಾಕಿದರು. ಶುಕ್ರವಾರದ ವಿಚಾರಣೆಯಲ್ಲಿ ಕೆಲಸವೇ ಹೋದೀತು. "ಕೆಂಪು ಸಾಲು ಬರ್ಲೇ ಇಲ್ಲ ಕಣೇ, ದೇವರಾಣೆ" ಎಂದು ನೀನು ಅತ್ತೆ. ನಾನು ಏನೆಂದೆ? "ನನ್ನ ಕಂಪ್ಯೂಟರಲ್ಲಿ ಬರ್ತಿದೆಯಲ್ಲಕ್ಕಾ, ನೀನೇ ಸರಿಯಾಗಿ ನೋಡಿರಲ್ಲ." ದೂರನ್ನು ಪರೀಕ್ಷಿಸಿ ನಿಮ್ಮ ಆಸ್ಪತ್ರೆಗೆ ಕಳಿಸಿದ ವರದಿಯಲ್ಲೂ ಅದನ್ನೇ ಬರೆದೆ: ತಪ್ಪು ಬಳಸಿದವರದು. ನೀನು ನನ್ನ ಅಕ್ಕ ಎಂದು ತಿಳಿಯದ ನಮ್ಮ ಮ್ಯಾನೇಜರ್, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ" ಎಂದು ನಕ್ಕರು. ನಾನೂ ನಕ್ಕೆ. ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ನಾನು ಪರೀಕ್ಷೆ ಮಾಡಿರಲಿಲ್ಲವೆಂದಲ್ಲ. ಹನ್ನೊಂದು ಕಂಪ್ಯೂಟರುಗಳಲ್ಲಿ ಮಾಡಿದ್ದೆ. ಆದರೆ ಹನ್ನೊಂದನ್ನೂ ಸಜ್ಜು ಮಾಡಿದವಳು ನಾನೇ. ಎಲ್ಲದರಲ್ಲೂ ಅದೇ ಪರದೆ, ಅದೇ ಅಳತೆಯ ಅಕ್ಷರ. ಒಬ್ಬರನ್ನೇ ಹನ್ನೊಂದು ಸಲ ಕೇಳಿ, ಊರೆಲ್ಲ ಒಪ್ಪಿತು ಅಂದುಕೊಂಡ ಹಾಗಾಯಿತು. ನಿನ್ನೆ ಬೇರೆ ಯಾವುದೋ ದೂರಿಗೆಂದು ಒಂದು ಔಷಧದಂಗಡಿಗೆ ಹೋಗಿದ್ದೆ. ಅಲ್ಲಿನ ಮಾಲೀಕರಿಗೆ ಎಪ್ಪತ್ತು ದಾಟಿದೆ. ಪರದೆಯ ಅಕ್ಷರಗಳನ್ನು ಕೋಟಿನ ಗುಂಡಿಯಷ್ಟು ದೊಡ್ಡದು ಮಾಡಿಟ್ಟುಕೊಂಡಿದ್ದಾರೆ. "ವಯಸ್ಸಾಯ್ತಲ್ಲಮ್ಮ, ಹೀಗಿದ್ರೇನೇ ಕಾಣೋದು" ಎಂದರು. ಅಕ್ಷರ ದೊಡ್ಡದಾದಂತೆ ಸಾಲುಗಳೆಲ್ಲ ಕೆಳಕ್ಕೆ ಜರುಗಿ, ಕೆಂಪು ಸಾಲು ಪರದೆಯಿಂದಲೇ ಆಚೆ ಬಿದ್ದಿತ್ತು. ಕೆಳಗೆ ಸರಿಸಿ ನೋಡಲು ನಾವು ದಾರಿಯನ್ನೂ ಇಟ್ಟಿಲ್ಲ. ಅಕ್ಕಾ, ನಿಜವಾಗಿಯೂ ನೆಲವೇ ಡೊಂಕು!

ಓಡಿ ಬಂದು ಮ್ಯಾನೇಜರಿಗೆ ಹೇಳಿದೆ. "ಗಿರಾಕಿಗಳು ಒಬ್ಬೊಬ್ರೂ ಒಂದೊಂದು ಥರ ಇಟ್ಕೊಂಡ್ರೆ ನಾವೇನ್ ಮಾಡೋಣ? ಸದ್ದಿಲ್ಲದೆ ಸರಿ ಮಾಡಿ ಕಳ್ಸು. ಹಳೇ ವರದಿ ತಂಟೆಗೆ ಹೋಗ್ಬೇಡ" ಎಂದರು. ಸರಿ ಮಾಡಿದೆ. ಅಕ್ಷರ ಎಷ್ಟೇ ದೊಡ್ಡದಿರಲಿ, ಕೆಂಪು ಸಾಲು ಈಗ ಎಲ್ಲಕ್ಕಿಂತ ಮೇಲೆ ಬರುತ್ತದೆ. ಸರಿ ಮಾಡಿದ್ದು ಇವತ್ತು ಬೆಳಿಗ್ಗೆಯೇ ಎಲ್ಲ ಗಿರಾಕಿಗಳಿಗೂ ಹೋಯಿತು.

ಭಾವನಿಗೆ ನಮಸ್ಕಾರ ಹೇಳು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ಸಿಟ್ಟಿದ್ದರೆ ಬೈದು ಬರೆ, ಸುಮ್ಮನಿರಬೇಡ.

ನೀನೇ ಹೆಸರಿಟ್ಟ,
ಚಡಪಡಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಹೋದ ವರ್ಷ ನಿನ್ನ ಕೌಂಟರಿಗೆ ಬಂದಿದ್ದಾಗ, "ಯಾರಿಗೂ ಹೇಳ್ಬೇಡ, ಅಕ್ಷರ ಸ್ವಲ್ಪ ದೊಡ್ಡದು ಮಾಡಿಕೊಡೇ" ಎಂದು ನೀನು ಪಿಸುಗುಟ್ಟಿದ್ದೆ. ಮಾಡಿಕೊಟ್ಟವಳು ನಾನು. ಅದು ನೆನಪಾದದ್ದು ನಿನ್ನೆ, ಆ ಅಂಗಡಿಯಲ್ಲಿ. ಬೆಳಿಗ್ಗೆ ಹೊಸ ವರದಿ ಬರೆದು ನಿಮ್ಮ ದೊಡ್ಡ ಡಾಕ್ಟರಿಗೆ ನೇರವಾಗಿ ಕಳಿಸಿದೆ: ಅಕ್ಷರ ದೊಡ್ಡದು ಮಾಡಿದವಳೂ ನಾನೇ, ಸಾಲು ಕಾಣದಂತೆ ಮಾಡಿದವಳೂ ನಾನೇ, ಕೌಂಟರಿನವರ ತಪ್ಪೇನೂ ಇಲ್ಲ. ನಿನ್ನ ಕಣ್ಣಿನ ಮಾತು ಎತ್ತಿಲ್ಲ, ಅದು ನಿನಗೆ ಬಿಟ್ಟದ್ದು. ಆದರೆ ದಮ್ಮಯ್ಯ, ಒಂದು ಕನ್ನಡಕ ಮಾಡಿಸಿಕೋ. ಉತ್ತರವನ್ನು ಮನೆಯ ವಿಳಾಸಕ್ಕೇ ಹಾಕು, ಈ ಮೇಜು ಸಂಜೆಯವರೆಗೆ ಮಾತ್ರ ನನ್ನದು.