ಟೋಕನ್ ಚೀಟಿಯ ಹಿಂಬದಿ

ಹೊಸ ಚಿಕಿತ್ಸೆಯ ಆಯ್ಕೆ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಅಕ್ಕನ ಅರ್ಜಿ ಏನಾಯಿತೆಂದು ಕೇಳಲು ಇಂದು ಬೆಳಿಗ್ಗೆ ನಿಮ್ಮ ಕಚೇರಿಯ ಕಿಟಕಿಯಲ್ಲಿ ಟೋಕನ್ ಪಡೆದೆ. ಸಂಖ್ಯೆ ಮೂವತ್ತೊಂದು. ಹಿಂಬದಿಯಲ್ಲಿ ನನ್ನದೇ ಕೈಬರಹ: ‘ಶಾಲೆಯ ಸಮವಸ್ತ್ರ ಹೊ’. ‘ಲಿಯುತ್ತಾರೆ’ ಬಹುಶಃ ಮೂವತ್ತೆರಡರವರ ಕೈಯಲ್ಲಿತ್ತು. ತಿರಸ್ಕೃತ ಅರ್ಜಿಗಳನ್ನು ಕತ್ತರಿಸಿ ಟೋಕನ್ ಮಾಡುತ್ತೀರಂತೆ. “ಒಂದು ಬದಿ ಖಾಲಿ ಇರತ್ತಲ್ಲಮ್ಮ, ಯಾಕೆ ಹಾಳು ಮಾಡೋದು?” ಎಂದರು ಗುಮಾಸ್ತರು. ಕೇಳುವ ಮೊದಲೇ ಉತ್ತರ ಕೊಡುವ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ರೋಗಿಯ ಬಿಳಿ ರಕ್ತಕಣಗಳನ್ನು ಹೊರತೆಗೆದು, ಅವುಗಳ ವಂಶವಾಹಿ ತಿದ್ದಿ, ಕ್ಯಾನ್ಸರನ್ನು ಗುರುತಿಸಲು ಕಲಿಸಿ ಮರಳಿ ಮೈಗೆ ಸೇರಿಸುತ್ತೀರಿ. ಅದ್ಭುತ. ಕಣಗಳಿಗೆ ಇಷ್ಟು ಕಲಿಸಿದವರಿಗೆ ಮನುಷ್ಯರನ್ನು ಗುರುತಿಸಲು ಮಾತ್ರ ಒಂದು ಪುಟದ ‘ಸ್ವವಿವರಣೆ’ ಬೇಕು. ವರ್ಷಕ್ಕೆ ಹನ್ನೆರಡು ಜಾಗ. ರೋಗ, ವಯಸ್ಸು, ಪರೀಕ್ಷೆಗಳೆಲ್ಲ ಸಮನಾಗಿದ್ದರೆ, ‘ನಾನು ಯಾಕೆ ಬದುಕಬೇಕು’ ಎಂಬ ಆ ಪುಟಕ್ಕೆ ಅಂಕ. ಸಾಯುವವರಿಗೆ ಪ್ರಬಂಧ ಸ್ಪರ್ಧೆ. ಕಾಗುಣಿತ ತಪ್ಪಿದರೆ ಎಷ್ಟು ತಿಂಗಳು ಕಡಿತ, ಮಾನ್ಯರೇ?

ನಾನು ಸಾಹಿತ್ಯ ಓದಿದವಳು. ನಾಲ್ಕು ಜನರೆದುರು ಮಾತು ಹೊರಡದು. ವಾರ್ಡಿನ ಬೆಂಚಿನಲ್ಲಿ ಕೂತು, ಬರೆಯಲು ಬಾರದವರಿಗೆ ಬರೆದುಕೊಡುತ್ತಿದ್ದೆ. ಅಕ್ಕನ ಪಕ್ಕದ ಹಾಸಿಗೆಯ ಡ್ರೈವರಣ್ಣನಿಗೂ ಬರೆದೆ: ಇಪ್ಪತ್ತು ವರ್ಷ ಬಸ್ಸು ಓಡಿಸಿದ ಅವರ ಬಲಗಾಲು ನಿದ್ದೆಯಲ್ಲೂ ಬ್ರೇಕು ಹುಡುಕುತ್ತದೆ ಎಂದು. ಪರರನ್ನು ಹೊಗಳಲು ನನಗೆ ಸಂಕೋಚವಿಲ್ಲ. ಅಕ್ಕನ ಪುಟಕ್ಕೆ ಬಂದಾಗ ಮನೆಯವರ ಬಡಾಯಿ ಕೊಚ್ಚಿದಂತಾಗುತ್ತದೆಂದು ನಾಚಿಕೊಂಡೆ. ಟೈಲರ್, ಇಬ್ಬರು ಮಕ್ಕಳು, ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ಅಷ್ಟೇ ಬರೆದೆ.

ವಾರ್ಡಿಗೆ ಮರಳಿದಾಗ ತಿಳಿಯಿತು, ಈ ವರ್ಷದ ಕೊನೆಯ ಜಾಗ ಡ್ರೈವರಣ್ಣನಿಗೆ ಸಿಕ್ಕಿತ್ತು. ಅವರು ನನ್ನ ಮುಖ ನೋಡದೆ ಚೀಲ ಕಟ್ಟಿಕೊಂಡರು. ಅವರು ನೂರು ಕಾಲ ಬಾಳಲಿ. ಮುಂದಿನ ಆಯ್ಕೆ ಬರುವ ವರ್ಷ. ಅಕ್ಕನಿಗೆ ಡಾಕ್ಟರು ಹೇಳಿರುವುದು ನಾಲ್ಕು ತಿಂಗಳು.

ಚೀಟಿ ತೋರಿಸಿದೆ. ಅಕ್ಕ ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಅವರ ಕಾಲಿನ ಬಗ್ಗೆ ಅಷ್ಟು ಚೆಂದ ಬರ್ದೆ. ನಂಗೂ ಕಾಲಿದೆ ಕಣೇ. ಇಷ್ಟು ವರ್ಷ ಮೆಷಿನ್ ತುಳಿದಿದ್ದು ಅದೇ ಅಲ್ವಾ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆ ಪುಟವನ್ನು ಅರ್ಜಿಯಿಂದ ಕಿತ್ತುಹಾಕಿ. ಜಾಗ ಹೆಚ್ಚಿಸಿ; ಆಗದಿದ್ದರೆ ಸಮಾನರ ನಡುವೆ ಚೀಟಿ ಎತ್ತಿ. ಚೀಟಿ ಕತ್ತರಿಸುವುದಂತೂ ನಿಮಗೆ ಕರಗತ. ಅದರಲ್ಲಿ ಅಕ್ಕನ ಹೆಸರೂ ಇರಲಿ, ಅವಳು ಇರುವಾಗಲೇ.

ನಾಳೆಯೂ ನಾನು ಬೆಂಚಿನಲ್ಲಿ ಕೂರುತ್ತೇನೆ. ಬಂದವರಿಗೆಲ್ಲ ಬರೆದುಕೊಡುತ್ತೇನೆ, ಅವರು ಒಪ್ಪಿದರೆ, ಎಲ್ಲರಿಗೂ ಒಂದೇ ವಾಕ್ಯ: ‘ನಾನು ಬದುಕಬೇಕು.’ ಅಂಕ ಹಾಕಿಕೊಳ್ಳಿ. ಪುಟದ ಉಳಿದ ಭಾಗವೂ ಖಾಲಿ ಇರುತ್ತದೆ; ಟೋಕನ್ನಿಗೆ ಅನುಕೂಲ.

ಇಂತಿ,
ಅಕ್ಕನಿಗೆ ಕಡಿಮೆ ಅಂಕ ತಂದ ತಂಗಿ,
ಟೋಕನ್ ಸಂಖ್ಯೆ ಮೂವತ್ತೊಂದು